ಬೀವನ್ ಹಿಂತಿರುಗಿಸಿದ ಮೈಸೂರು ಪಾಕು

ನೀವು ಕೊನೆಯ ಬಾರಿ ಯಾರಿಗೋ ಧನ್ಯವಾದ ಹೇಳಿದಿರಲ್ಲ, ಅವರು ನಿಮಗಾಗಿ ನಿಜಕ್ಕೂ ಏನು ಮಾಡಿದರೆಂದು ಒಂದು ಕ್ಷಣವಾದರೂ ನಿಂತು ಯೋಚಿಸಿದ್ದಿರಾ? ಇಲ್ಲ. ಬಾಗಿಲಿಗೆ ಪೊಟ್ಟಣ ತಂದಿಟ್ಟವನಿಗೂ, ಜ್ವರ ಬಂದ ಮಗುವಿನ ಹಾಸಿಗೆಯ ಪಕ್ಕ ಕುಳಿತವಳಿಗೂ ಒಂದೇ ಸ್ವರದಲ್ಲಿ ಅದೇ ಮಾತನ್ನು ಎಸೆದು ಮುಂದೆ ನಡೆದಿದ್ದೀರಿ. ಕೃತಜ್ಞತೆಯೆಂದರೆ ತುಟಿಯ ಕೆಲಸ ಎಂದು ತಿಳಿದವರು ಈ ಕಾಲದಲ್ಲಿ ಕಡಿಮೆಯೇನಲ್ಲ. ಅಂಥವರನ್ನು ಕಂಡರೆ ನಿರುಪಮಾಗೆ ಆಗುತ್ತಿರಲಿಲ್ಲ. ತಾನು ಅಂಥವಳಲ್ಲವೆಂದು ಆಕೆ ಅರವತ್ತು ದಾಟಿದ ಮೇಲೂ ದೃಢವಾಗಿ ನಂಬಿದ್ದಳು. ಆ ನಂಬಿಕೆ ಅಲುಗಾಡಿದ ಕಥೆ ಇದು.

ಕಡಲಾಚೆಯ ಫ್ರೀಮಾಂಟಿನಲ್ಲಿ ನಿರುಪಮಾಳನ್ನು ಅರಿಯದ ಕನ್ನಡದ ಮನೆ ವಿರಳ. ಮಕ್ಕಳ ಹಲ್ಲಿನ ಡಾಕ್ಟರಾಗಿ ಬಹುಕಾಲ ದುಡಿದು ನಿವೃತ್ತಳಾದ ಮೇಲೆ ಆಕೆ ಭಾನುವಾರದ ಕನ್ನಡ ತರಗತಿಯನ್ನು ವಹಿಸಿಕೊಂಡಿದ್ದಳು. ಅಕ್ಷರಮಾಲೆಗೂ ಮೊದಲು ಅಲ್ಲಿ ಕಲಿಯಬೇಕಾದ ಪಾಠವೆಂದರೆ, ಪಡೆದದ್ದಕ್ಕೆ ಕೈಮುಗಿಯುವುದು. ನೀರು ಕೊಟ್ಟರೆ ಧನ್ಯವಾದ, ಬಾಗಿಲು ಹಿಡಿದರೆ ಧನ್ಯವಾದ. ಒಮ್ಮೆ ಮಂಗಳೂರು ಕಡೆಯವರ ಮಗಳು ಶ್ರೇಯಾ, ಒಂಬತ್ತು ವರ್ಷದ ಚೂಟಿ, ಇಂಗ್ಲಿಷಿನಲ್ಲೇ ತಕರಾರು ತೆಗೆದಳು: "ಮಿಸ್, ಅದು ನನ್ನದೇ ಪೆನ್ಸಿಲು. ಅವನು ತಗೊಂಡಿದ್ದ, ವಾಪಸ್ ಕೊಟ್ಟ. ಅದಕ್ಕೂ ಥ್ಯಾಂಕ್ಸಾ?"

"ಅದಕ್ಕೂ," ಎಂದಿದ್ದಳು ನಿರುಪಮಾ. "ಬಾಯಿ ಸವೆಯಲ್ಲ."

ಶ್ರೇಯಾ ಹುಬ್ಬು ಗಂಟಿಕ್ಕಿಕೊಂಡೇ ಕೈಮುಗಿದಳು. ಆ ಗಂಟು ಬಿಚ್ಚಲು ಒಂದು ವರ್ಷ ಹಿಡಿಯಿತು.

ಒಂದು ಶನಿವಾರದ ಬೆಳಗ್ಗೆ. ಮಾರ್ಗನ್ ಹಿಲ್ಲಿನಿಂದ ಮಗಳು ಹರಿಪ್ರಿಯಾ ಬಂದಿದ್ದಳು. ನಿರುಪಮಾ ದೋಸೆ ಹಾಕುತ್ತಿದ್ದಳು. ಗಂಡ ತಿರುಮಲೇಶನ ತಟ್ಟೆಗೆ ಇನ್ನೊಂದನ್ನು ಬಡಿಸಲು ಹೋದಾಗ ಆತ ತಟ್ಟೆಯ ಮೇಲೆ ಕೈಯಡ್ಡ ಹಿಡಿದು, "ಅದಕ್ಕಲ್ಲ, ಡಾಕ್ಟ್ರೇ!" ಎಂದ.

ಇದು ಆ ಮನೆಯ ಮಾತು. ಬೇಡ ಎನ್ನುವುದಕ್ಕೆ ಆ ಮನೆಯಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ಹರಿಪ್ರಿಯಾ ಮಗುವಾಗಿದ್ದಾಗ ಹಾಲಿನ ಲೋಟವನ್ನು ತಳ್ಳುತ್ತಾ ಅದನ್ನೇ ಹೇಳುತ್ತಿದ್ದಳು. ನಿರುಪಮಾಳ ತವರಿನಿಂದ ಬಂದ ಮಾತದು. ಅವಳ ತಂದೆ ತಾಯಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿದ್ದಾಗ, ತಂದೆ ಪ್ರೀತಿಯಿಂದ ಕೊಟ್ಟ ಮೈಸೂರು ಪಾಕನ್ನು ಬೀವನ್ ಎಂಬ ರೈತನೊಬ್ಬ ಹಾಗೆಂದು ಹಿಂತಿರುಗಿಸಿದ್ದ. ಅದನ್ನೇ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿಕೊಂಡು, ನಗೆಯಾಡಿ ನಗೆಯಾಡಿ, ಮನೆಯವರೆಲ್ಲ ಸವೆಸಿಟ್ಟಿದ್ದರು.

"ಎರಡಕ್ಕೆ ಸಾಕಾಯ್ತಾ?" ಎಂದು ನಿರುಪಮಾ ಕೇಳುತ್ತಿದ್ದಂತೆ ಫೋನು ಮಿನುಗಿತು. ವೆಂಡಿ.

ವೆಂಡಿ ಅದೇ ಹಳ್ಳಿಯವಳು, ನಿರುಪಮಾಳ ಬಾಲ್ಯದ ಗೆಳತಿ. ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಮಾತಾಡುವವಳು ಇಂದು ಹೊತ್ತಲ್ಲದ ಹೊತ್ತಿನಲ್ಲಿ ಕರೆದಿದ್ದಳು. ಪರದೆಯಲ್ಲಿ ಅವಳ ಬೆನ್ನ ಹಿಂದೆ ಒಂದು ಕಬ್ಬಿಣದ ಗೇಟು, ಗೇಟಿಗೆ ಹೊಸ ಬೀಗ.

"ನಿರೂ, ಇದು ಯಾವ ಜಾಗ ಗೊತ್ತಾಯ್ತಾ?"

ಗೊತ್ತಾಯಿತು. ಗೇಟು ಬೇರೆ, ಬೇಲಿ ಬೇರೆ. ಆದರೆ ಅದರಾಚೆ ಇಳಿದು ಹೋಗುವ ಕೆಂಪು ಮಣ್ಣಿನ ಇಳಿಜಾರು ಮಾತ್ರ ಬೇರೆಯಾಗಿರಲಿಲ್ಲ. ನಿರುಪಮಾಳ ಕೈಯಲ್ಲಿದ್ದ ಸಟ್ಟುಗ ಹಾಗೆಯೇ ನಿಂತಿತು.

ವಿಥರ್ಲೋ ಎಂಬ ಆ ಹಳ್ಳಿ ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸಿನ ಬೆಟ್ಟಗಳು ನೀಲಿಯಾಗಿ ಕಾಣುವಷ್ಟು ಸಮೀಪದಲ್ಲಿದೆ. ನಿರುಪಮಾ ಆರು ವರ್ಷದವಳಿದ್ದಾಗ ಅವಳ ತಂದೆ ಡಾಕ್ಟರ್ ಹನುಮಂತರಾಜು ಮೈಸೂರನ್ನು ಬಿಟ್ಟು ಅಲ್ಲಿಗೆ ವೈದ್ಯರಾಗಿ ಹೋದರು. ಅಂಥ ಮೂಲೆಯ ಹಳ್ಳಿಗೆ ಆ ದೇಶದ ವೈದ್ಯರೇ ಬರಲೊಪ್ಪದಿದ್ದ ಕಾಲವದು. ಬಸ್ಸಿನಿಂದಿಳಿದ ತಾಯಿ ಮರಿತಾಯಮ್ಮ ಹೊಲದ ಕೆಂಪು ಮಣ್ಣನ್ನು ನೋಡಿ, "ನಮ್ ಮಣ್ಣಿದ್ದಂಗೇ ಐತೆ, ಬದುಕ್‌ಬೋದು ಬುಡಿ," ಎಂದರಂತೆ. ಅವರು ಆ ಊರಿನ ಬಗ್ಗೆ ಕೊಟ್ಟ ಮೊದಲ ತೀರ್ಪು ಅದು, ಕೊನೆಯವರೆಗೂ ಅದನ್ನು ಬದಲಿಸಲಿಲ್ಲ.

ಊರಿನ ತುಂಬ ಸೇಬಿನ ತೋಟಗಳು. ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿಗಳು ಎತ್ತರದ ಕಂಬಗಳ ಮೇಲೆ ಹಬ್ಬಿ ನಿಲ್ಲುತ್ತಿದ್ದವು. ಸುಗ್ಗಿಯಲ್ಲಿ ಅವನ್ನು ಒಣಗಿಸುವ ಗೂಡುಗಳಿಂದ ಬರುತ್ತಿದ್ದ ಘಮಲಿಗೆ ತರಗತಿಯಲ್ಲಿ ಮಕ್ಕಳೆಲ್ಲ ತೂಕಡಿಸುತ್ತಿದ್ದರು, ಟೀಚರೂ ತೂಕಡಿಸುತ್ತಿದ್ದರು. ವೈದ್ಯರ ಮನೆಯ ಹಿತ್ತಲಿನಿಂದ ಶಾಲೆಗೆ ಹೋಗಲು ಎರಡು ದಾರಿ. ಒಂದು, ಹಾಲಿನ ಲಾರಿಗಳು ನುಗ್ಗುವ ಡಾಂಬರು ರಸ್ತೆ, ಗುಡ್ಡವನ್ನು ಸುತ್ತಿ ಹೋಗುವುದು. ಇನ್ನೊಂದು, ಬೀವನ್‌ರ ಸೇಬಿನ ತೋಟದ ನಟ್ಟನಡುವೆ ಇಳಿದುಹೋಗುವ ಕಾಲುದಾರಿ. ನಿರುಪಮಾ ನಡೆದದ್ದು ಕಾಲುದಾರಿಯಲ್ಲೇ.

ಆ ದಾರಿಯ ಅರ್ಧಕ್ಕೆ, ಹಳ್ಳಿಯ ಗಡಿಯಲ್ಲಿ, ಮೊಳಕಾಲೆತ್ತರದ ಒಂದು ಕಲ್ಲು. ವರ್ಷಕ್ಕೊಂದು ಸಲ, ಮೇ ತಿಂಗಳಲ್ಲಿ, ಪಾದ್ರಿಯ ಹಿಂದೆ ಊರವರೆಲ್ಲ ಗಡಿ ಸುತ್ತುವರು. ಮಕ್ಕಳು ಹಸಿ ಕೋಲುಗಳಿಂದ ಗಡಿಯ ಗುರುತುಗಳನ್ನು ಬಡಿಯುತ್ತಾ ನಡೆಯುವರು. ಈ ಕಲ್ಲಿನ ಬಳಿ ಬಂದಾಗ ಒಂದು ಮಗುವನ್ನು ಕೈಕಾಲು ಹಿಡಿದೆತ್ತಿ ಅದರ ಕುಂಡೆಯನ್ನು ಕಲ್ಲಿಗೆ ತಾಗಿಸುವರು. ಹಾಗೆ ತಾಗಿಸಿದರೆ ಆ ಮಗು ಮುಪ್ಪಿನವರೆಗೂ ಊರಿನ ಗಡಿಯನ್ನು ಮರೆಯುವುದಿಲ್ಲವಂತೆ. ಅವರು ಹೋದ ಮರುವರ್ಷ ಆ ಮಗು ನಿರುಪಮಾ ಆಗಿದ್ದಳು. ಅವಳು ಕಿಲಕಿಲ ನಕ್ಕಳು. ದೂರದಲ್ಲಿ ನಿಂತು ನೋಡುತ್ತಿದ್ದ ಮರಿತಾಯಮ್ಮನಿಗೆ ನಗೆ ಬರಲಿಲ್ಲ. "ಮಗೀನ ಕಲ್ಲಿಗೆ ತಾಕ್ಸುದ್ರಲ್ಲ, ಇನ್ ಈ ಕಲ್ಲನ್ನ ಅಂಗೇ ಬುಟ್ರೆ ಆದದಾ?" ಎಂದು ಗಂಡನನ್ನು ಗದರಿ, ಬಂದ ಶುಕ್ರವಾರವೇ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಹೊರಟರು. ಸೀರೆ, ಅದರ ಮೇಲೆ ಗಂಡನ ಹಳೆಯ ಓವರ್‌ಕೋಟು, ಕಾಲಿಗೆ ಕೆಸರಿನ ರಬ್ಬರ್ ಬೂಟು. ಕಲ್ಲಿಗೆ ನೀರು ಹಾಕಿ, ಕುಂಕುಮವಿಟ್ಟು, ಬೇಲಿಯ ಹೂ ಮುಡಿಸಿ ಬಂದರು. ಆ ಊರು ಬಿಡುವವರೆಗೆ ಇಪ್ಪತ್ತೊಂದು ವರ್ಷ, ಒಂದು ಶುಕ್ರವಾರವೂ ತಪ್ಪಲಿಲ್ಲ. ಹಿಮ ಬಿದ್ದಾಗ ಕಲ್ಲನ್ನು ಕೈಯಿಂದ ಬಗೆದು ಹುಡುಕುತ್ತಿದ್ದರು.

"ನಿರೂ, ಕೇಳಿಸ್ತಾ ಇದೆಯಾ?" ಎಂದಳು ವೆಂಡಿ. ಆಮೇಲೆ ವಿಷಯ ಹೇಳಿದಳು.

ಬೀವನ್ ತೀರಿಕೊಂಡಿದ್ದು ನಿರುಪಮಾಳ ತಂದೆ ತಾಯಿ ಊರು ಬಿಟ್ಟ ವರ್ಷವೇ. ತೋಟ ಕೊಂಡವರು ಆಗಲೇ ಮೊದಲ ಬೀಗ ಜಡಿದಿದ್ದರು. ಊರವರು ಗೊಣಗಿ, ಗುಡ್ಡ ಸುತ್ತಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡರು. ಈಗ ಆ ತೋಟ ಮತ್ತೊಬ್ಬನ ಕೈಗೆ ಬಂದಿದೆ. ಅವನು ಸೇಬಿನ ಮರಗಳನ್ನು ಕಿತ್ತು ಮನೆಗಳನ್ನು ಕಟ್ಟಲಿದ್ದಾನೆ. ಕಾಲುದಾರಿ ಇತ್ತೆಂದು ಈಗ ಸಾಬೀತುಮಾಡದಿದ್ದರೆ ದಾರಿಯೂ ಹೋಯಿತು, ಕಲ್ಲೂ ಹೋಯಿತು. ಸರ್ಕಾರದ ವಿಚಾರಣಾಧಿಕಾರಿ ಬರುತ್ತಾರೆ. ಮೊದಲ ಬೀಗ ಬೀಳುವುದಕ್ಕೆ ಮುಂಚೆ ಇಪ್ಪತ್ತು ವರ್ಷ ಜನ ಅಲ್ಲಿ ನಡೆದಿದ್ದರೆಂದು ಕಣ್ಣಾರೆ ಕಂಡವರು ಹೇಳಬೇಕು.

"ನಮ್ಮಪ್ಪನ ಕೆಲಸಕ್ಕೆ ನಾವು ಕಾರ್ಡಿಫಿಗೆ ಹೋಗ್ಬಿಟ್ವಲ್ಲ, ನಾನು ವಾಪಸ್ ಬಂದದ್ದು ಬೀಗ ಬಿದ್ದ ಮೇಲೆ. ನಾನು ಹೇಳೋದು ನಾಲ್ಕು ವರ್ಷದ್ದು ಮಾತ್ರ. ಉಳಿದವರು ಸ್ಮಶಾನದಲ್ಲಿದ್ದಾರೆ. ಆ ಇಪ್ಪತ್ತು ವರ್ಷ ಪೂರ್ತಿ ಹೇಳಬಲ್ಲವಳು ನೀನೊಬ್ಬಳೇ. ರಜೆಗೆಲ್ಲ ಬರ್ತಿದ್ದೆ. ನಿಮ್ಮಮ್ಮ ನಡೆದದ್ದು ನಿನಗೆ ಗೊತ್ತು."

"ಹೇಳ್ತೀನಿ, ಖಂಡಿತ ಹೇಳ್ತೀನಿ!" ನಿರುಪಮಾಳ ಕಣ್ಣು ಒದ್ದೆಯಾಗಿತ್ತು. "ಆ ಊರಿನ ಋಣ ದೊಡ್ಡದು ವೆಂಡಿ. ಮಿಸ್ಟರ್ ಬೀವನ್ ಎಷ್ಟು ಒಳ್ಳೆಯವರು! ತಮ್ಮ ತೋಟದಲ್ಲಿ ನಮ್ಮನ್ನ ಅಷ್ಟು ವರ್ಷ ಓಡಾಡೋಕೆ ಬಿಟ್ಟರಲ್ಲ. ಅವರ ಅಪ್ಪಣೆ ಇಲ್ಲದಿದ್ರೆ ನಮ್ಮಮ್ಮ ಹೆಜ್ಜೆ ಇಡ್ತಿದ್ರಾ?"

ವೆಂಡಿ ಹಣೆ ಉಜ್ಜಿಕೊಂಡಳು. ಅವಳ ಹಿಂದಿನ ಗೇಟಿನ ಮೇಲೆ ಒಂದು ಹಕ್ಕಿ ಬಂದು ಕೂತು ಹಾರಿಹೋಯಿತು.

"ಏನಾಯ್ತು?"

"ನಿರೂ, ನೀನು ಏನು ಹೇಳಬೇಕು ಅಂತ ನಾನು ಹೇಳಿಕೊಡೋ ಹಾಗಿಲ್ಲ. ಆದರೆ ಕಾನೂನು ಏನು ಅಂತ ಹೇಳಬಹುದು. ದಾರಿ ಜನರದ್ದಾಗಬೇಕಾದರೆ ಅವರು ಬಲವಂತವಾಗಿ ನಡೆದಿರಬಾರದು, ಕದ್ದು ನಡೆದಿರಬಾರದು, ಅಪ್ಪಣೆ ಪಡೆದೂ ನಡೆದಿರಬಾರದು. ಒಡೆಯ ದಯೆಯಿಂದ ಬಿಟ್ಟಿದ್ದ ಅಂತಾದರೆ, ಅದು ಅವನ ದಯೆ. ದಯೆ ಅವನ ಜೊತೆ ಸತ್ತುಹೋಗುತ್ತೆ. ಹೊಸ ಒಡೆಯನ ವಕೀಲ ವಾದಿಸ್ತಿರೋದೇ ಅದನ್ನ: ಬೀವನ್ ಒಳ್ಳೆಯ ಮನುಷ್ಯ, ಅದಕ್ಕೇ ಬಿಟ್ಟಿದ್ದ."

ದೋಸೆ ಸೀದ ವಾಸನೆ ಅಡುಗೆಮನೆಯ ತುಂಬ ಹರಡಿತು. ತಿರುಮಲೇಶ ಎದ್ದು ಒಲೆ ಆರಿಸಿದ.

ಆ ವಾರವಿಡೀ ನಿರುಪಮಾ ಕುದಿದಳು. ಯಾವ ಬಗೆಯ ನ್ಯಾಯ ಇದು? ಉಪಕಾರವನ್ನು ನೆನೆಯುವುದೇ ಅಪರಾಧವಾಗುವುದಾದರೆ, ಮನುಷ್ಯರಿಗೆ ಮನುಷ್ಯರು ಏನು ಹೇಳಿಕೊಂಡು ಬದುಕಬೇಕು? ಉಪಕಾರ ಹೇಳಿದರೆ ಅಮ್ಮನ ದಾರಿ ಮುಚ್ಚುತ್ತದೆ. ಮುಚ್ಚಿಟ್ಟರೆ, ಸತ್ತ ಮನುಷ್ಯನಿಗೆ ಬಗೆದ ದ್ರೋಹ. ಅವಳು ಬೆಳಗಿನ ನಡಿಗೆಗೆ ಹೋದಾಗಲೂ ಮಿಷನ್ ಪೀಕ್ ಬೆಟ್ಟದ ಕಡೆ ತಲೆಯೆತ್ತಿ ನೋಡಲಿಲ್ಲ.

"ಅಮ್ಮ, ಸಿಂಪಲ್," ಎಂದಳು ಹರಿಪ್ರಿಯಾ ಫೋನಿನಲ್ಲಿ. ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. "ನಡೀತಿದ್ವಿ ಅನ್ನು. ಅಷ್ಟೇ. ಆ ಪರ್ಮಿಶನ್ನು ಗಿರ್ಮಿಶನ್ನು ಸ್ಕಿಪ್ ಮಾಡು. ಸುಳ್ಳೇನಲ್ವಲ್ಲ."

"ಅರ್ಧ ಹೇಳೋದು ಸುಳ್ಳೇ ಕಣೆ. ಕೇಳಿದ್ರೆ ಏನು ಹೇಳ್ಲಿ?"

"ನೆನಪಿಲ್ಲ ಅನ್ನು."

"ಅದು ಇನ್ನೊಂದು ಸುಳ್ಳು."

ತಿರುಮಲೇಶ ಬೇರೊಂದು ದಿಕ್ಕಿನಿಂದ ಬಂದ. ಆತ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದವನು. "ನಿಜ ಹೇಳು, ಬೇಡ ಅಂದೋರ್ಯಾರು? ಆದ್ರೆ ನಿಜ ಏನು ಅಂತ ನಿಂಗೆ ಗೊತ್ತಾ? ಆ ಮನುಷ್ಯ ಹೋಗಿ ಅಂತ ಬಾಯ್ಬಿಟ್ಟು ಹೇಳಿದ್ದು ನೀನು ಕೇಳಿದ್ದೀಯಾ?"

"ಹೇಳದೇ ಬಿಟ್ಟಿರ್ತಾರಾ?"

"ನಾನು ಕೇಳಿದ್ದು ಅದಲ್ಲ."

ನಿರುಪಮಾ ಗಂಡನ ಮೇಲೆಯೇ ಸಿಟ್ಟು ಮಾಡಿಕೊಂಡಳು.

ವಿಚಾರಣೆಯ ಹಿಂದಿನ ದಿನ ನಿರುಪಮಾ ಮೈಸೂರು ಪಾಕು ಮಾಡಲು ನಿಂತಳು. ಮನಸ್ಸು ಕದಡಿದಾಗ ಕೈಗೆ ಕಷ್ಟದ ಕೆಲಸ ಕೊಡಬೇಕೆಂಬುದು ತಾಯಿಯಿಂದ ಬಂದ ಅಭ್ಯಾಸ. ಸಕ್ಕರೆ ಎಳೆಪಾಕಕ್ಕೆ ಬಂತು. ಕಡಲೆಹಿಟ್ಟು ಉದುರಿಸಿ, ಕಾದ ತುಪ್ಪವನ್ನು ಸುರಿಯುತ್ತಾ, ಅದು ಗೂಡುಗೂಡಾಗಿ ಉಬ್ಬುವುದನ್ನು ನೋಡುತ್ತಾ ನಿಂತಳು. ಸಂಜೆ ಆಫೀಸಿನಿಂದ ನೇರವಾಗಿ ಬಂದ ಹರಿಪ್ರಿಯಾಳ ಮುಂದೆ ತಟ್ಟೆ ಹಿಡಿದಳು.

"ಅದಕ್ಕಲ್ಲ, ಡಾಕ್ಟ್ರೇ! ಲಂಚ್ ಮೀಟಿಂಗಲ್ಲಿ ಕೇಕ್ ತಿಂದು ಸಾಯ್ತಿದೀನಿ." ಹಾಗೆಂದವಳು ತಟ್ಟೆಯನ್ನೇ ನೋಡಿದಳು. "ಅಮ್ಮ, ಚಿಕ್ಕೋಳಿದ್ದಾಗಿಂದ ಹೇಳ್ತಾ ಇದೀನಿ. ಅದಕ್ಕಲ್ಲ ಅಂದ್ರೆ, ಯಾವುದಕ್ಕಲ್ಲ?"

"ಯಾವುದಕ್ಕೆ ಅಂದ್ರೆ... ಬೀವನ್ ಸ್ವೀಟು ವಾಪಸ್ ಕೊಟ್ರಲ್ಲ, ಆವಾಗ ಹೇಳಿದ್ದು."

"ಅದು ಗೊತ್ತು. ಬೇಡ ಅಂದ್ರೆ ಬೇಡ ಅಂತಿದ್ರು. ಅದಕ್ಕಲ್ಲ ಅಂತ ಯಾಕಂದ್ರು? ಇನ್ನೇನಕ್ಕೋ ಆದ್ರೆ ತಗೋತಿದ್ರಾ?"

ನಿರುಪಮಾ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಯಾವುದಕ್ಕಲ್ಲ? ಐವತ್ತು ವರ್ಷ ನಕ್ಕಿದ್ದರು. ಒಬ್ಬರೂ ಕೇಳಿರಲಿಲ್ಲ.

"ಕೂತ್ಕೋ," ಎಂದಳು. "ನಾನು ಅಲ್ಲೇ ಇದ್ದೆ. ಅಪ್ಪನ ಕೈ ಹಿಡ್ಕೊಂಡು."

ಹೇಳುತ್ತಾ ಹೋದಂತೆ ಅದು ಕಣ್ಣೆದುರು ಬಂದು ನಿಂತಿತು. ಹನುಮಂತರಾಜು ಉಪಕಾರಕ್ಕೆ ಹೆದರುವ ಮನುಷ್ಯ. ಪರದೇಶದಲ್ಲಿ ಉಸಿರಾಡುವುದಕ್ಕೂ ಯಾರಿಗಾದರೂ ಏನನ್ನಾದರೂ ಕೊಡಬೇಕೆಂದು ಅವರಿಗೆ ಅನ್ನಿಸುತ್ತಿತ್ತು. ಪೋಸ್ಟ್‌ಮನ್ನಿಗೆ ಚಕ್ಕುಲಿ, ಪೊಲೀಸನಿಗೆ ಕೋಡುಬಳೆ. ಹೆಂಡತಿ ಪರರ ತೋಟದಲ್ಲಿ ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿರುವುದು ಅವರ ನಿದ್ದೆ ಕೆಡಿಸಿತ್ತು. ಮರಿತಾಯಮ್ಮ ಬೆಣ್ಣೆ ಕಾಯಿಸಿ, ತುಪ್ಪ ಮಾಡಿ, ಮೂರು ಸಲ ಕೆಡಿಸಿ ನಾಲ್ಕನೆಯ ಸಲಕ್ಕೆ ಹದಗೊಳಿಸಿದ ಮೈಸೂರು ಪಾಕನ್ನು ತಗಡಿನ ಡಬ್ಬಿಯಲ್ಲಿಟ್ಟುಕೊಂಡು, ಕೋಟು ತೊಟ್ಟು, ಮಗಳ ಕೈಹಿಡಿದು ಅವರು ಬೀವನ್‌ರ ಅಂಗಳಕ್ಕೆ ಹೋದರು.

ಬೀವನ್ ಸೇಬಿನ ಗೋಣಿ ಹೊಲಿಯುತ್ತಿದ್ದರು. ಎತ್ತಿನಂಥ ಕತ್ತು, ಒಂದು ಕಿವಿ ಮಂದ. ಹನುಮಂತರಾಜು ಡಬ್ಬಿ ಮುಂದೆ ಚಾಚಿ, "ನನ್ನ ಹೆಂಡತಿ ಮತ್ತು ಮಗಳು ನಿಮ್ಮ ದಾರಿಯಲ್ಲಿ ನಡೆಯಲು ಅಪ್ಪಣೆ ಕೊಟ್ಟಿದ್ದಕ್ಕೆ," ಎಂದರು.

ಬೀವನ್ ಡಬ್ಬಿ ತೆಗೆದುಕೊಂಡರು, ಮುಚ್ಚಳ ತೆರೆದರು, ಮೂಸಿದರು. ಅವರ ಮುಖ ಅರಳಿದ್ದು ನಿರುಪಮಾಗೆ ಸ್ಪಷ್ಟವಾಗಿ ನೆನಪಿದೆ. ಆಮೇಲೆ ಮಂದವಲ್ಲದ ಕಿವಿಯನ್ನು ಇತ್ತ ತಿರುಗಿಸಿ, "ಯಾವುದಕ್ಕೆ ಅಂದಿರಿ?" ಎಂದು ಕೇಳಿದರು. ಹನುಮಂತರಾಜು ಇನ್ನೊಮ್ಮೆ ಹೇಳಿದರು. ಬೀವನ್ ಮುಚ್ಚಳ ಹಾಕಿ, ಟೋಪಿ ತೆಗೆದು, ಡಬ್ಬಿಯನ್ನು ತಂದೆಯ ಕೈಯಲ್ಲೇ ಇಟ್ಟರು.

"ಅದಕ್ಕಲ್ಲ, ಡಾಕ್ಟರೇ. ನಾನು ಯಾರಿಗೂ ಅಪ್ಪಣೆ ಕೊಟ್ಟಿಲ್ಲ, ಕೊಡೋದೂ ಇಲ್ಲ. ನಮ್ಮಜ್ಜನನ್ನೂ ಯಾರೂ ಕೇಳಿರಲಿಲ್ಲ. ಇದನ್ನ ನಾನು ಆ ದಾರಿಗೆ ಅಂತ ತಗೊಂಡರೆ ದಾರಿ ನನ್ನದು ಅಂತಾಗುತ್ತೆ. ಕ್ರಿಸ್‌ಮಸ್ಸಿಗೆ ಅಂತ ತನ್ನಿ, ಪೂರ್ತಿ ತಿಂತೀನಿ."

ತಂದೆಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಅವಮಾನದಿಂದ ಕಿವಿ ಕೆಂಪಾದ ಮನುಷ್ಯನಿಗೆ ಉಳಿದರ್ಧ ಕೇಳಿಸುವುದಿಲ್ಲ. "ನಮ್ಮ ಕೈಯಿಂದ ತಿನ್ನೋದಿಲ್ಲ ಅಂತ ಕಾಣುತ್ತೆ," ಎಂದು ದಾರಿಯುದ್ದಕ್ಕೂ ಗೊಣಗಿದರು. ಮರಿತಾಯಮ್ಮ ಡಬ್ಬಿಯನ್ನು ಹಾಗೇ ಕಪಾಟಿಗೆ ಸೇರಿಸಿದರು. ಡಿಸೆಂಬರಿನಲ್ಲಿ ಬೀವನ್ ತಾವಾಗಿಯೇ ಅಡುಗೆಮನೆಯ ಬಾಗಿಲಿಗೆ ಬಂದು, ಟೋಪಿ ಹಿಚುಕುತ್ತಾ, "ಆ ಹಳದಿ ಇಟ್ಟಿಗೆ ಎಲ್ಲಿ?" ಎಂದು ಕೇಳಿದಾಗ ಮನೆಯವರು ಮುಖ ಮುಖ ನೋಡಿಕೊಂಡರು. ಅವರು ನಿಂತಲ್ಲೇ ಐದು ತುಂಡು ತಿಂದರು. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಬಂದರು. ವಿಚಿತ್ರ ಮನುಷ್ಯ ಎಂದು ಮನೆಯವರು ತೀರ್ಮಾನಿಸಿ, ಅವರ ಮಾತನ್ನು ನಗೆಯಾಗಿಸಿಕೊಂಡರು.

ಹರಿಪ್ರಿಯಾ ತಾಯಿಯನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ತಿರುಮಲೇಶನೂ ನಿಂತಿದ್ದ.

"ಅಮ್ಮ, ಅವರು ಪರ್ಮಿಶನ್ ಕೊಡಲೇ ಇಲ್ಲ."

"ಇಲ್ಲ."

"ಕೊಡಲ್ಲ ಅಂತ ಬೇಕಂತಲೇ ಹೇಳಿದಾರೆ."

ನಿರುಪಮಾಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮರುಕ್ಷಣವೇ ಅವಳೊಳಗಿನ ಮೇಷ್ಟ್ರು ಎದ್ದು ಕೂತ. "ಇರು. ಬೇಕಾಗಿದೆ ಅಂತ ನಾನೇ ಕಟ್ಟಿಕೊಳ್ತಿಲ್ಲ ತಾನೇ? ನಾಳೆ ಬೇಕು, ಇವತ್ತು ನೆನಪಾಯ್ತು. ಯಾರು ನಂಬ್ತಾರೆ?"

ತಿರುಮಲೇಶ ಮುಂದೆ ಬಂದು ತಟ್ಟೆಯಿಂದ ಒಂದು ತುಂಡೆತ್ತಿಕೊಂಡ. "ನಿನಗೆ ಇವತ್ತು ನೆನಪಾದದ್ದು ಅರ್ಥ ಕಣೆ, ಮಾತಲ್ಲ. ಮಾತು ನಾನು ಮದುವೆಯಾಗೋಕೆ ಮುಂಚಿಂದ ಇದೆ. ನಿಮ್ಮಪ್ಪ ವರದಕ್ಷಿಣೆ ಕೊಡೋಕೆ ಬಂದಾಗ ನಾನು ಏನಂದೆ? ನಿನ್ನಿಂದಲೇ ಕಲಿತು, ಅದಕ್ಕಲ್ಲ ಡಾಕ್ಟ್ರೇ, ಅಂದೆ. ಅವರು ನಕ್ಕಿದ್ದು ನೆನಪಿಲ್ವಾ?"

ಮರುದಿನ ಬೆಳಗ್ಗೆ ವಿಥರ್ಲೋ ಗ್ರಾಮದ ಸಭಾಭವನ ಲ್ಯಾಪ್‌ಟಾಪಿನ ಪರದೆಯೊಳಗೆ, ಫ್ರೀಮಾಂಟಿನ ಊಟದ ಮೇಜಿನ ಮೇಲೆ ಬಂದು ಕುಳಿತಿತು. ಅಲ್ಲಿ ಇಳಿಹೊತ್ತು, ಮಳೆ. ವಿಚಾರಣಾಧಿಕಾರಿ ಬೂದುಗೂದಲಿನ ಹೆಂಗಸು. ಅವರ ಬಲಕ್ಕೆ ಹೊಸ ಒಡೆಯನ ವಕೀಲ. ಹಿಂದಿನ ಸಾಲಿನಲ್ಲಿ ಕೋಟುಗಳನ್ನು ಮಡಿಲಲ್ಲಿಟ್ಟುಕೊಂಡ ಊರವರು, ಅವರ ನಡುವೆ ವೆಂಡಿ. ನಿರುಪಮಾ ತಾಯಿಯ ಹಸಿರು ರೇಷ್ಮೆ ಸೀರೆಯುಟ್ಟು ಕುಳಿತಿದ್ದಳು. ಶಾಲೆಯ ದಾರಿ, ಗಡಿ ಸುತ್ತುವ ದಿನ, ತಾಯಿಯ ಶುಕ್ರವಾರಗಳು, ಎಲ್ಲವನ್ನೂ ಕ್ರಮವಾಗಿ ಹೇಳಿದಳು.

ವಕೀಲ ವಿನಯದಿಂದ ಎದ್ದ. "ನಿಮ್ಮ ತಾಯಿ ಆ ಕಲ್ಲಿಗೆ ಹೋಗುತ್ತಿದ್ದುದು ಗುಟ್ಟಾಗಿತ್ತೇ?"

"ರೇಷ್ಮೆ ಸೀರೆ, ಗಂಡಸರ ಕೋಟು, ರಬ್ಬರ್ ಬೂಟು, ಕೈಯಲ್ಲಿ ಬೆಳ್ಳಿ ಬಟ್ಟಲು. ಸ್ವಾಮಿ, ಅವರು ವೇಲ್ಸಿನಿಂದಲೂ ಕಾಣುತ್ತಿದ್ದರು."

ಹಿಂದಿನ ಸಾಲು ನಕ್ಕಿತು. ವಕೀಲನೂ ಮುಗುಳ್ನಕ್ಕ. "ಮಿಸ್ಟರ್ ಬೀವನ್ ಒಳ್ಳೆಯ ಮನುಷ್ಯರೇ?"

"ಬಹಳ ಒಳ್ಳೆಯವರು."

"ನೀವು ಅವರಿಗೆ ಕೃತಜ್ಞರೇ?"

"ಜೀವವಿರುವವರೆಗೂ."

"ಏನನ್ನೋ ಕೊಟ್ಟವರಿಗೆ ತಾನೇ ನಾವು ಕೃತಜ್ಞರಾಗಿರುವುದು? ಅವರು ನಿಮಗೆ ಆ ದಾರಿಯನ್ನು ಬಳಸಲು ಅನುಮತಿ ಕೊಟ್ಟರು. ಹಾಗೆಂದು ನೀವೂ ಇಷ್ಟು ವರ್ಷ ಭಾವಿಸಿದ್ದಿರಬೇಕು."

"ಭಾವಿಸಿದ್ದೆ," ಎಂದಳು ನಿರುಪಮಾ. ವೆಂಡಿ ತಲೆ ತಗ್ಗಿಸಿದಳು. "ನಿನ್ನೆಯವರೆಗೂ ಹಾಗೇ ಹೇಳುತ್ತಿದ್ದೆ. ಪರದೇಶಕ್ಕೆ ಹೋದವರು ಎಲ್ಲವನ್ನೂ ಯಾರದೋ ದಯೆಯೆಂದೇ ತಿಳಿಯುತ್ತಾರೆ. ಹಾಗೆ ತಿಳಿದೇ ನಮ್ಮ ತಂದೆ ಅವರಿಗೆ ಬೆಲೆ ತೆರಲು ಹೋದರು. ಅವರು ತೆಗೆದುಕೊಳ್ಳಲಿಲ್ಲ." ಡಬ್ಬಿಯ ಕಥೆಯನ್ನು ಹೇಳಿದಳು, ತಂದೆ ಕೇಳಿಸಿಕೊಳ್ಳದ ಉಳಿದರ್ಧವನ್ನೂ ಸೇರಿಸಿ. "ಅವರು ತಿನ್ನಬಹುದಿತ್ತು. ತಿನ್ನಲು ಆಸೆಯೂ ಇತ್ತು, ನಾನು ನೋಡಿದ್ದೇನೆ. ಡಬ್ಬಿ ಇಟ್ಟುಕೊಂಡಿದ್ದರೆ ಅಂದಿನಿಂದಲೇ ಅವರು ದಾನಿ, ನಾವು ಬೇಡುವವರು. ಆ ಮನುಷ್ಯ ನಮ್ಮನ್ನು ಬೇಡುವವರನ್ನಾಗಿ ಮಾಡಲು ಒಪ್ಪಲಿಲ್ಲ. ಅವರು ಕೊಟ್ಟದ್ದಕ್ಕಾಗಿ ನಾನು ಕೃತಜ್ಞಳಲ್ಲ. ಕೊಡುವವನೆನಿಸಿಕೊಳ್ಳಲು ಒಲ್ಲೆ ಎಂದರಲ್ಲ, ಅದಕ್ಕೆ."

"ಐವತ್ತು ವರ್ಷದ ಹಿಂದಿನ ಮಾತು. ಅಷ್ಟು ನಿಖರವಾಗಿ ನೆನಪಿದೆಯೇ?"

"ನನ್ನ ಮನೆಯಲ್ಲಿ ಇಂದಿಗೂ ದೋಸೆ ಬೇಡವೆನ್ನಲು ಆ ಮಾತನ್ನೇ ಬಳಸುತ್ತಾರೆ."

"ಎಸ್ ಮೇಡಮ್, ಎವ್ರಿ ಡೇ!" ಎಂದು ಪರದೆಯಾಚೆಯಿಂದ ತಿರುಮಲೇಶ ಕೂಗಿದ.

"ಅದು ಯಾರು?" ಎಂದು ವಿಚಾರಣಾಧಿಕಾರಿ ಕೇಳಿದರು.

"ನನ್ನ ಗಂಡ. ಅವರ ಸಾಕ್ಷ್ಯಕ್ಕೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ."

ಭವನದಲ್ಲಿ ಎದ್ದ ನಗೆ ಅಡಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ನಗೆಯ ನಡುವೆ ಹಿಂದಿನ ಸಾಲಿನಿಂದ ಕೋಲೂರಿ ಎದ್ದ ಮುದುಕಿಯೊಬ್ಬಳು, ಬೀವನ್‌ರ ತಂಗಿಯ ಮಗಳಂತೆ, ಬೇರೆ ಊರಿನವಳು, ಕಟ್ಟಲೆಯನ್ನು ಲೆಕ್ಕಿಸದೆ ಹೇಳಿಬಿಟ್ಟಳು: "ಡಿಸೆಂಬರ್ ಬಂದರೆ ನಮ್ಮ ಮಾವ ಆ ಹಳದಿ ಇಟ್ಟಿಗೆಯ ಧ್ಯಾನದಲ್ಲೇ ಇರೋರು."

ತೀರ್ಪು ಬರಲು ಕೆಲವು ತಿಂಗಳು ಹಿಡಿಯಿತು. ಬಂದ ಶುಕ್ರವಾರ ವೆಂಡಿ ಬೀಗವಿಲ್ಲದ ಗೇಟನ್ನು ತಳ್ಳಿಕೊಂಡು ಫೋನು ಹಿಡಿದು ಇಳಿಜಾರಿನಲ್ಲಿ ನಡೆದಳು. ಮನೆಗಳು ಬರಲಿವೆ. ಆದರೆ ಅವುಗಳ ನಡುವೆ ದಾರಿ ಇರುತ್ತದೆ, ಕಲ್ಲೂ ಇರುತ್ತದೆ. ಮುಳ್ಳಿನ ಪೊದೆಯನ್ನು ಸರಿಸಿದಾಗ ಅದು ಕಂಡಿತು, ಪಾಚಿಗಟ್ಟಿ, ತುಸು ವಾಲಿಕೊಂಡು. ನಿರುಪಮಾ ಪರದೆಯನ್ನು ಬೆರಳಿನಿಂದ ಮುಟ್ಟಿದಳು.

"ಕುಂಕುಮ ಕಳಿಸ್ತೀನಿ. ಅಲ್ಲಿಯವರೆಗೆ ಒಂದು ಹೂವಾದರೂ ಇಡೇ, ವೆಂಡಿ."

"ಪರ್ಮಿಶನ್ ಕೇಳ್ಬೇಕಾ?"

"ಮುಚ್ಚೇ ಬಾಯಿ," ಎಂದು ಅಳುತ್ತಲೇ ನಕ್ಕಳು ನಿರುಪಮಾ.

ಆ ಭಾನುವಾರ ತರಗತಿ ಶುರುವಾಗುವ ಮೊದಲು ಆಕೆ ಶ್ರೇಯಾಳನ್ನು ಹತ್ತಿರ ಕರೆದಳು. "ಹೋದ ವರ್ಷ ಒಂದು ಪ್ರಶ್ನೆ ಕೇಳಿದ್ದೆ. ನಿನ್ನದೇ ಪೆನ್ಸಿಲ್ ವಾಪಸ್ ಬಂದರೆ ಥ್ಯಾಂಕ್ಸ್ ಹೇಳ್ಬೇಕಾ ಅಂತ."

"ಯಾ, ಯು ಸೆಡ್ ಯೆಸ್."

"ತಪ್ಪು ಹೇಳಿದೆ. ಪೆನ್ಸಿಲಿಗೆ ಹೇಳಬೇಡ, ಅದು ನಿನ್ನದೇ. ಆದ್ರೆ ಅದು ನಿನ್ನದು ಅಂತ ಯಾರಾದ್ರೂ ಎದ್ದು ನಿಂತು ಹೇಳಿದ್ರೆ, ಅವರಿಗೆ ಹೇಳು. ಎರಡು ಸಲ ಹೇಳು."

ಶ್ರೇಯಾಳ ಹುಬ್ಬಿನ ಗಂಟು ಬಿಚ್ಚಿತು. "ದಟ್ ಮೇಕ್ಸ್ ಸೆನ್ಸ್, ಮಿಸ್," ಎಂದು, ಮಕ್ಕಳಿಗೆಂದು ತಂದಿಟ್ಟಿದ್ದ ಮೈಸೂರು ಪಾಕಿನ ಕಡೆ ಕೈ ಚಾಚಿ, ಕೇಳದೆಯೇ ಒಂದು ತುಂಡು ತೆಗೆದುಕೊಂಡಳು.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಸುತ್ತಲೂ ಇಂಥದೊಂದು ದಾರಿ ಇದ್ದೇ ಇದೆ. ಯಾರೋ ತುಳಿದು ತೆರೆದದ್ದು, ಯಾರೋ ಬೀಗ ಹಾಕಲೊಪ್ಪದೆ ಉಳಿಸಿದ್ದು. ಆ ಯಾರೋ ಯಾರೆಂದು ಬಲ್ಲ ಹಿರಿಯರು ಇನ್ನೂ ಬದುಕಿದ್ದಾರೆ. ದಯವಿಟ್ಟು ಈ ವಾರವೇ ಅವರ ಬಳಿ ಕುಳಿತು ದಾರಿ ಉಳಿಸಿದವರ ಹೆಸರನ್ನು ಕೇಳಿ ತಿಳಿಯಿರಿ. ತಿಳಿದ ಮೇಲೆ ಎದ್ದು ಹೋಗಿ ಆ ದಾರಿಯಲ್ಲಿ ಒಮ್ಮೆ ನಡೆಯಿರಿ, ಯಾರ ಅಪ್ಪಣೆಯನ್ನೂ ಕೇಳದೆ.